ಪಂಪಿನ ಸದ್ದು ಗೋಡೆಯೊಳಗಿಂದ ಬಂದಾಗ: ಒಂದು ಈಜುಕೊಳದ ಪ್ರಕರಣ

ಅಕ್ಕಪಕ್ಕದ ಎರಡು ಮನೆ. ಒಂದರಲ್ಲಿ ಈಜುಕೊಳ, ಇನ್ನೊಂದರಲ್ಲಿ ನಿದ್ದೆಗೆಟ್ಟ ಒಬ್ಬರು. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಕೊಳದ ಮನೆಯವರನ್ನು ಮಾಲೀಕರು ಅಂತಲೂ ಪಕ್ಕದ ಮನೆಯವರನ್ನು ಮೇಡಂ ಅಂತಲೂ ಕರೆಯುತ್ತೇನೆ. ನಾನು ಈಜುಕೊಳಗಳ ರಿಪೇರಿ, ನಿರ್ವಹಣೆ ಮಾಡುವವನು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಎರಡು ದೊಡ್ಡ ತಪ್ಪು ನನ್ನವೇ.

ಹಿನ್ನೆಲೆ

ಕೊಳ ಸುಮಾರು 60,000 ಲೀಟರಿನದು. ನೀರನ್ನು ತಿರುಗಿಸುವ ಪಂಪು ಒಂದೂವರೆ ಎಚ್‌ಪಿ, ಒಂದೇ ವೇಗದ್ದು. 50 ಹರ್ಟ್ಝ್ ಕರೆಂಟಿನಲ್ಲಿ ಇಂಥ ಮೋಟರು ನಿಮಿಷಕ್ಕೆ ಹೆಚ್ಚುಕಡಿಮೆ 2,850 ಸುತ್ತು ತಿರುಗುತ್ತದೆ, 60 ಹರ್ಟ್ಝ್ ಇರುವ ಕಡೆ 3,450. ಆನ್ ಮಾಡಿದರೆ ಪೂರ್ತಿ ವೇಗ, ಆಫ್ ಮಾಡಿದರೆ ಸೊನ್ನೆ. ನಡುವೆ ಏನೂ ಇಲ್ಲ.

ಪಂಪು ಇದ್ದದ್ದು ಹಿತ್ತಲಿನ ಮೂಲೆಯಲ್ಲಿ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡು. ಕೊಳ ಕಟ್ಟುವವರು ಪಂಪಿನ ಜಾಗವನ್ನು ಯೋಚಿಸುವುದೇ ಕೊನೆಗೆ. ತಮ್ಮ ಕಣ್ಣಿಗೂ ಕಿವಿಗೂ ಬೀಳದ ಮೂಲೆ ಹುಡುಕುತ್ತಾರೆ. ಆ ಮೂಲೆ ಪಕ್ಕದವರ ಕಿವಿಗೆ ಎಷ್ಟು ಹತ್ತಿರ ಅಂತ ಯಾರೂ ಅಳೆಯುವುದಿಲ್ಲ. ಇಲ್ಲಿ ಪಂಪಿನಿಂದ ಮೇಡಂ ಮಲಗುವ ಕೋಣೆಯ ಕಿಟಕಿಗೆ ನಾಲ್ಕು ಮೀಟರ್.

ಮೂರು ವರ್ಷ ಮೇಡಂ ಏನೂ ಅಂದಿರಲಿಲ್ಲ. ಆಗ ಪಂಪು ಓಡುತ್ತಿದ್ದದ್ದು ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ. ಆಮೇಲೆ ಹಿಂದಿನ ಬೀದಿಯ ಮನೆಯವರು ರಾತ್ರಿ ಸದ್ದಾಗುತ್ತದೆ ಅಂದರು. ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಟೈಮರ್ ಬದಲಿಸಿ, ಬೆಳಿಗ್ಗೆ 9ರಿಂದ ಮಧ್ಯಾಹ್ನ 3ಕ್ಕೆ ಇಟ್ಟರು. ಯಾರನ್ನು ಕೇಳಿದರೂ ಇದೇ ಸಲಹೆ ಕೊಡುತ್ತಾರೆ. ಬಿಸಿಲಿನಲ್ಲಿ ಕ್ಲೋರಿನ್ ಬೇಗ ಹಾಳಾಗುವುದರಿಂದ ಹಗಲು ನೀರು ತಿರುಗುವುದು ಕೊಳಕ್ಕೂ ಒಳ್ಳೆಯದೇ.

ಆದರೆ ಮೇಡಂ ರಾತ್ರಿ ಪಾಳಿಯವರು. ಬೆಳಿಗ್ಗೆ 8ಕ್ಕೆ ಮನೆಗೆ ಬಂದು, 9ಕ್ಕೆ ಮಲಗಿ, 3ಕ್ಕೆ ಏಳುವವರು. ಅವರ ನಿದ್ದೆಯ ಆರು ಗಂಟೆಗೆ ಸರಿಯಾಗಿ ಪಂಪಿನ ಆರು ಗಂಟೆ ಬಂದು ಕೂತಿತು. ಮೂರು ವರ್ಷ ಅವರಿಗೆ ಸದ್ದು ಕೇಳಿಸದೇ ಇದ್ದದ್ದು ಪಂಪು ಮೆತ್ತಗಿದ್ದುದರಿಂದಲ್ಲ, ಪಂಪು ಓಡುವಾಗ ಅವರು ಮನೆಯಲ್ಲೇ ಇರುತ್ತಿರಲಿಲ್ಲ.

ಸಮಸ್ಯೆ ನನ್ನ ತನಕ ಬಂದದ್ದು

ಮಾಲೀಕರು ನನ್ನನ್ನು ಕರೆದಾಗ ಅವರಿಗೆ ಬೇಸರ ಬಂದಿತ್ತು. "ರಾತ್ರಿ ಬೇಡ ಅಂದರು, ಬಿಟ್ಟೆ. ಈಗ ಹಗಲೂ ಬೇಡವಂತೆ. ಮತ್ತೆ ಯಾವಾಗ ಓಡಿಸಲಿ?" ಅಂದರು. ಅವರ ಮಾತೂ ಸುಳ್ಳಲ್ಲ. ಬಹಳ ಕಡೆ ಸದ್ದಿನ ನಿಯಮಗಳು ಮುಖ್ಯವಾಗಿ ರಾತ್ರಿಯ ನಿದ್ದೆ ಕಾಯುತ್ತವೆ. ಹಗಲು ಮಲಗುವವರ ಪರವಾಗಿ ಕಾನೂನು ಹೆಚ್ಚಾಗಿ ಬಾಯಿ ಬಿಡುವುದಿಲ್ಲ.

ಮೇಡಂ ಒಂದು ಚೀಟಿ ಬರೆದು ಕೊಟ್ಟಿದ್ದರು. ಜಗಳದ ಚೀಟಿ ಅಲ್ಲ. ಐದು ದಿನದ ಲೆಕ್ಕ ಅದು: ಯಾವತ್ತು ಎಷ್ಟು ಹೊತ್ತಿಗೆ ಎಚ್ಚರವಾಯಿತು ಅಂತ. ಕೆಳಗೆ ಎರಡು ಸಾಲು: "ಸದ್ದು ಎರಡು ಥರ ಇದೆ. ಒಂದು ಕೀಂಯ್ ಅನ್ನುತ್ತೆ, ಅದು ಬಂದು ಹೋಗುತ್ತೆ. ಇನ್ನೊಂದು ಗುಂಯ್ ಅನ್ನುತ್ತೆ, ಅದು ಬಿಡುವುದೇ ಇಲ್ಲ."

ನಾನು ಓದಿ, ಮಡಚಿ ಜೇಬಿಗೆ ಹಾಕಿಕೊಂಡೆ. ಇಡೀ ಪ್ರಕರಣದ ಉತ್ತರ ಆ ಎರಡು ಸಾಲಿನಲ್ಲಿತ್ತು. ಅಲ್ಲೇ ನಿಂತು ಯೋಚಿಸಿದ್ದರೆ ಆರು ವಾರ ಉಳಿಯುತ್ತಿತ್ತು.

ಮೊದಲ ಭೇಟಿ

ಎಂದಿನಂತೆ ಸುಲಭದ್ದನ್ನು ಮೊದಲು ನೋಡಿದೆ. ಪಂಪಿನೊಳಗೆ ಕಸ ಹಿಡಿಯುವ ಬುಟ್ಟಿ ಮುಕ್ಕಾಲು ಪಾಲು ಎಲೆ ತುಂಬಿಕೊಂಡಿತ್ತು. ಮುಚ್ಚಳದ ಓ-ರಿಂಗ್, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆ, ಒಣಗಿ ಬಿರುಕು ಬಿಟ್ಟಿತ್ತು. ಪಾರದರ್ಶಕ ಮುಚ್ಚಳದ ಕೆಳಗೆ ಗುಳ್ಳೆಗಳು ಓಡಾಡುತ್ತಿದ್ದವು. ಗುಳ್ಳೆ ಕಂಡರೆ ಎಳೆಯುವ ಕಡೆಯಿಂದ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ ಅಂತ ತಿಳಿಯಬೇಕು. ಬುಟ್ಟಿ ಕಟ್ಟಿಕೊಂಡರೆ ಇನ್ನೊಂದು ತೊಂದರೆ. ಪಂಪು ಕೇಳುವಷ್ಟು ನೀರು ಸಿಗದೆ ಒಳಗಿನ ಒತ್ತಡ ಬೀಳುತ್ತದೆ, ನೀರು ಅಲ್ಲಲ್ಲೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಆ ಗುಳ್ಳೆಗಳು ನೀರು ತಳ್ಳುವ ಒಳಚಕ್ರ, ಅಂದರೆ ಇಂಪೆಲರ್ ಮೇಲೆ ಒಡೆಯುತ್ತವೆ. ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಬುಟ್ಟಿ ತೊಳೆದೆ, ಹೊಸ ಓ-ರಿಂಗ್ ಹಾಕಿ ಸಿಲಿಕಾನ್ ಗ್ರೀಸ್ ಸವರಿದೆ. ಪೆಟ್ರೋಲಿಯಂ ಜೆಲ್ಲಿ ಸವರುವವರಿದ್ದಾರೆ, ಅದು ಕೆಲವು ಥರದ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಕೊಳದ ನೀರನ್ನು ಸ್ಕಿಮ್ಮರ್ (ನೀರಿನ ಮೇಲೆ ತೇಲುವ ಎಲೆ, ಕಸ ಎಳೆದುಕೊಳ್ಳುವ ಕಿಂಡಿ) ಬಾಯಿಯ ಅರ್ಧಕ್ಕೆ ಏರಿಸಿದೆ. ಒಂದು ಮೀಟರ್ ದೂರದಲ್ಲಿ 71 ಡೆಸಿಬೆಲ್ ಇದ್ದದ್ದು 68ಕ್ಕೆ ಬಂತು. ಮೇಡಂ ಕಿಟಕಿಯ ಹೊರಗೆ 58.

ಆಮೇಲೆ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಮೋಟರಿನ ಮೈಗೆ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಿದೆ. ಮುಂದಿನ ಬೇರಿಂಗ್ ಗರಗರ ಅನ್ನುತ್ತಿತ್ತು. ಕೀಂಯ್ ಅನ್ನುವ ಸದ್ದು ಅದರದೇ. "ಇನ್ನೊಂದು ವರ್ಷ ಓಡುತ್ತೆ ಸರ್, ಸದ್ಯ ಪೆಟ್ಟಿಗೆ ಮಾಡಿ ಮುಚ್ಚೋಣ" ಅಂದೆ. ಇದು ಮೊದಲ ತಪ್ಪು. ಕೆಟ್ಟ ಯಂತ್ರವನ್ನು ರಿಪೇರಿ ಮಾಡದೆ ಮುಚ್ಚಿಡುವುದು ಅಂದರೆ ಜ್ವರಕ್ಕೆ ಕಂಬಳಿ ಹೊದಿಸಿದ ಹಾಗೆ.

ಪೆಟ್ಟಿಗೆ

ಮಾಲೀಕರು ಅದಕ್ಕೂ ಮೊದಲು ಗೋಡೆಯ ಉದ್ದಕ್ಕೆ ಗಿಡ ನೆಡಿಸಿದ್ದರು. ಅದರ ಬಗ್ಗೆ ಒಂದೇ ಮಾತು: ಪಂಪು ಕಣ್ಣಿಗೆ ಕಾಣದ ಹಾಗಾಯಿತು, ಕಿವಿಗೆ ಏನೂ ಆಗಲಿಲ್ಲ. ಸದ್ದು ತಡೆಯಲು ತೂಕ ಬೇಕು, ಸಂದು ಇರಬಾರದು. ಎಲೆಗಳಲ್ಲಿ ಮೊದಲನೆಯದು ಇಲ್ಲ, ಎರಡನೆಯದು ಬೇಕಾದಷ್ಟಿದೆ.

ನಾನು ಮಾಡಿಸಿದ ಪೆಟ್ಟಿಗೆ 18 ಮಿಲಿಮೀಟರ್ ಪ್ಲೈವುಡ್ಡಿನದು. ಒಳಗೆ 50 ಮಿಲಿಮೀಟರ್ ಫೋಮ್, ಬಾಗಿಲಿಗೆ ರಬ್ಬರ್ ಪಟ್ಟಿ. ಮುಚ್ಚಿದಾಗ ಕಿಟಕಿಯ ಹೊರಗೆ 50 ತೋರಿಸಿತು. ಎಂಟು ಡೆಸಿಬೆಲ್ ಇಳಿದಿತ್ತು. ಹತ್ತು ಇಳಿದರೆ ಕಿವಿಗೆ ಸದ್ದು ಅರ್ಧವಾದ ಹಾಗೆ ಅನ್ನಿಸುತ್ತದೆ. ನನಗೂ ಖುಷಿ, ಮಾಲೀಕರಿಗೂ ಖುಷಿ.

ಮೂರನೇ ದಿನ ಮಧ್ಯಾಹ್ನ ಪಂಪು ತಾನಾಗಿಯೇ ನಿಂತಿತು. ಮೋಟರಿನ ಹಿಂದಿನ ಫ್ಯಾನು ತಾನೇ ಉಗುಳಿದ ಬಿಸಿ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಂಡು, ಶಾಖಕ್ಕೆ ಕಟ್‌ಔಟ್ ಬಿದ್ದಿತ್ತು. ಪೆಟ್ಟಿಗೆಗೆ ಎರಡು ಕಿಂಡಿ ಕೊರೆಸಿದೆ. ತಂಪು ಗಾಳಿ ಒಳಬರಲು ಕೆಳಗೊಂದು, ಬಿಸಿ ಗಾಳಿ ಹೊರಹೋಗಲು ಮೇಲೊಂದು. ಎರಡನ್ನೂ ಮಾಲೀಕರ ಮನೆಯ ಕಡೆಗೇ ತಿರುಗಿಸಿದೆ. ಒಳಗೆ ಫೋಮ್ ಅಂಟಿಸಿದ, ಎರಡು ಸಲ ಬಾಗಿದ ಕೊಳವೆ ಇಟ್ಟೆ. ಗಾಳಿ ತಿರುಗಿ ಹೋಗುತ್ತದೆ, ಸದ್ದು ಗೋಡೆಗೆ ಬಡಿದು ಸಾಯುತ್ತದೆ. ಕಿಟಕಿಯಲ್ಲಿ 52ಕ್ಕೆ ಏರಿತು, ಆದರೆ ಮೋಟರು ತಣ್ಣಗೆ ಓಡಿತು. ಈ ಎರಡು ಡೆಸಿಬೆಲ್ ಕೊಡಲೇಬೇಕಾದ ಬೆಲೆ.

ವಾರದ ನಂತರ ಮೇಡಂ ಫೋನ್ ಬಂತು. "ಕೋಪ ಮಾಡ್ಕೋಬೇಡಿ. ಕೀಂಯ್ ಅನ್ನೋದು ಹೋಯ್ತು. ಗುಂಯ್ ಅನ್ನೋದು ಮಾತ್ರ ಮೊದಲಿಗಿಂತ ಜಾಸ್ತಿ ಆಗಿದೆ."

ಮಾಲೀಕರಿಗೆ ತಲೆ ಕೆಟ್ಟಿತು. "ನಂಬರ್ ಕಡಿಮೆ ಆಗಿದೆ ಅಲ್ವಾ? ಇನ್ನೇನು ಮಾಡಬೇಕು? ಅವರಿಗೆ ಏನು ಮಾಡಿದರೂ ಸಾಲದು" ಅಂದರು. ಮಾತು ಅಲ್ಲಿಗೇ ಮುರಿದುಬಿಡುವುದರಲ್ಲಿತ್ತು.

ಮೇಡಂ ಹೇಳಿದ್ದು ನಿಜವೇ ಆಗಿತ್ತು. ಫೋಮು ಮೇಲಿನ ಸ್ವರಗಳನ್ನು ನುಂಗುತ್ತದೆ, ಕೆಳಗಿನ ಗುಂಗನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮೇಲಿನ ಸದ್ದು ಇಷ್ಟು ದಿನ ಗುಂಗನ್ನು ಮರೆಮಾಡಿತ್ತು. ಪರದೆ ತೆಗೆದಾಗ ಹಿಂದಿನದು ಕಂಡಿತು, ಅಷ್ಟೇ. ಇನ್ನು ನನ್ನ ಮೀಟರು. ಅದು ಇದ್ದದ್ದು 'ಎ' ತೂಕದಲ್ಲಿ, ಅಂದರೆ ಕಿವಿಗೆ ಕಡಿಮೆ ಕೇಳುವ ಸ್ವರಗಳನ್ನು ಕಡಿಮೆ ಎಣಿಸುವ ಲೆಕ್ಕದಲ್ಲಿ. ಎಲ್ಲರೂ ಬಳಸುವುದು ಅದನ್ನೇ. ಆ ಲೆಕ್ಕದಲ್ಲಿ 100 ಹರ್ಟ್ಝ್ ಸದ್ದಿನಿಂದ ಸುಮಾರು 19 ಡೆಸಿಬೆಲ್ ಕಳೆದುಬಿಡುತ್ತದೆ. 50 ಹರ್ಟ್ಝ್ ಕರೆಂಟಿನ ಮೋಟರು ಗುಂಯ್ ಅನ್ನುವುದು ಸರಿಯಾಗಿ ಅದೇ 100 ಹರ್ಟ್ಝ್‌ನಲ್ಲಿ. ಅಂದರೆ ನನ್ನ ಮೀಟರು ಅವರ ದೂರನ್ನು ಅರೆಕಿವಿಯಲ್ಲಿ ಕೇಳುತ್ತಿತ್ತು. ನಾನೂ ಹಾಗೇ ಮಾಡಿದ್ದೆ, ಅದು ಎರಡನೇ ತಪ್ಪು. ಇಷ್ಟು ದಿನದಲ್ಲಿ ಒಮ್ಮೆಯೂ ಅವರ ಕೋಣೆಯೊಳಗೆ ಹೋಗಿರಲಿಲ್ಲ.

ಕೋಣೆಯೊಳಗೆ

"ಸರ್, ನಾಳೆ ನೀವೂ ಬನ್ನಿ. ಅರ್ಧ ಗಂಟೆ ಅವರ ಕೋಣೆಯಲ್ಲಿ ಕೂರೋಣ" ಅಂದೆ. ಮಾಲೀಕರಿಗೆ ಇಷ್ಟವಿರಲಿಲ್ಲ. ಆದರೂ ಬಂದರು. ಪಂಪಿನ ಸ್ವಿಚ್ ಹತ್ತಿರ ಅವರ ಹೆಂಡತಿ ಫೋನ್ ಹಿಡಿದು ನಿಂತಿದ್ದರು.

ಬೆಳಿಗ್ಗೆ ಹತ್ತೂವರೆ. ದಪ್ಪ ಪರದೆ, ಮುಚ್ಚಿದ ಕಿಟಕಿ, ಮಂಚದ ಪಕ್ಕದಲ್ಲಿ ಕಿವಿಗೆ ಹಾಕುವ ಹತ್ತಿಯ ಡಬ್ಬಿ. ಮೊದಲೆರಡು ನಿಮಿಷ ಏನೂ ಅನ್ನಿಸಲಿಲ್ಲ. ಹೊರಗಿನ ಗದ್ದಲದಿಂದ ಬಂದವರ ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಅದು ಶುರುವಾಯಿತು. ಶುರುವಾಯಿತು ಅನ್ನುವುದೂ ತಪ್ಪು, ಮೊದಲಿಂದಲೂ ಇತ್ತು. ಎಲ್ಲಿಂದ ಅಂತ ಹೇಳಲಾಗದ, ಕೋಣೆಯ ತುಂಬ ತುಂಬಿಕೊಂಡ ಒಂದು ಗುಂಗು.

ಕಿಟಕಿಯ ಗಾಜಿಗೆ ಕಿವಿ ಇಟ್ಟೆ. ಸದ್ದು ಹೆಚ್ಚಲಿಲ್ಲ. ಮಂಚದ ತಲೆಯ ಕಡೆ ಗೋಡೆಗೆ ಕಿವಿ ಇಟ್ಟೆ. ಗುಂಯ್ ಅಂತ ತಲೆಯೊಳಗೇ ಕೇಳಿತು. ಮಾಲೀಕರನ್ನು ಕರೆದು ಮಂಚದ ಹಲಗೆಯ ಮೇಲೆ ಅಂಗೈ ಇಡಿಸಿದೆ. ಆಮೇಲೆ ಫೋನಿನಲ್ಲಿ "ಆಫ್ ಮಾಡಿ" ಅಂದೆ.

ಹಲಗೆ ಸತ್ತಹಾಗೆ ಸುಮ್ಮನಾಯಿತು.

"ಇದು ನನ್ನ ಪಂಪಾ?" ಅಂದರು ಮಾಲೀಕರು. ಮೇಡಂ ಏನೂ ಅನ್ನಲಿಲ್ಲ. ಮಾಲೀಕರು ತಾವೇ ಫೋನ್ ತೆಗೆದುಕೊಂಡು ಆನ್, ಆಫ್ ಅಂತ ನಾಲ್ಕು ಸಲ ಮಾಡಿಸಿದರು. ಅವತ್ತಿನಿಂದ ಅವರ ಬಾಯಲ್ಲಿ 'ಅವರ ದೂರು' ಅನ್ನುವುದು ಹೋಗಿ 'ಆ ಗುಂಗು' ಅಂತ ಆಯಿತು. ಪ್ರಕರಣ ತಿರುಗಿದ್ದು ಅಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮಲಗುವ ಕೋಣೆಯೊಳಗೆ ನಿಲ್ಲದೆ ಬರುವ ಸದ್ದು 30 ಡೆಸಿಬೆಲ್ ದಾಟಬಾರದು ಅಂತಿದೆ. ಆ ಕೋಣೆಯಲ್ಲಿ ನನ್ನ ಮೀಟರು 31 ತೋರಿಸಿತು. ಮಾಲೀಕರು ಹಿಂದಿನ ದಿನ ಇದನ್ನು ಕೇಳಿದ್ದರೆ ಒಂದೇ ಡೆಸಿಬೆಲ್ ತಾನೇ ಜಾಸ್ತಿ ಅನ್ನುತ್ತಿದ್ದರು. ಆದರೆ ಕೆಳಸ್ವರದ ಸದ್ದಿದ್ದರೆ ಮಿತಿ ಇನ್ನೂ ಕಡಿಮೆ ಇರಬೇಕು ಅಂತಲೂ ಅದೇ ಮಾರ್ಗಸೂಚಿ ಹೇಳುತ್ತದೆ.

ಗುಂಗಿನ ದಾರಿ

ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯಲ್ಲಿ, ಇನ್ನೊಂದು ಗಟ್ಟಿ ವಸ್ತುಗಳ ಮೂಲಕ. ಪೆಟ್ಟಿಗೆ ತಡೆಯುವುದು ಮೊದಲನೆಯದನ್ನು ಮಾತ್ರ. ಕಿಟಕಿಗಿಂತ ಗೋಡೆಯಲ್ಲಿ ಜಾಸ್ತಿ ಕೇಳಿದರೆ ಎರಡನೆಯದನ್ನು ಹುಡುಕಬೇಕು.

ಹುಡುಕುವುದು ಕಷ್ಟವಾಗಲಿಲ್ಲ. ನೀರು ವಾಪಸ್ ಹೋಗುವ ಪೈಪನ್ನು ಮೂರು ಕಬ್ಬಿಣದ ಕ್ಲಾಂಪ್ ಹಾಕಿ ಕಾಂಪೌಂಡ್ ಗೋಡೆಗೆ ಬಿಗಿದಿದ್ದರು. ಆ ಗೋಡೆ ಮುಂದೆ ಹೋಗಿ ಮೇಡಂ ಕೋಣೆಯ ಗೋಡೆಗೇ ಸೇರಿತ್ತು. ಗಿಟಾರಿನ ತಂತಿಗೆ ಮರದ ಡಬ್ಬ ಇದ್ದ ಹಾಗೆ, ನಮ್ಮ ಪೈಪಿಗೆ ಅವರ ಕೋಣೆ.

ಮೇಡಂ ಕೋಣೆಯಲ್ಲಿ ಫೋನ್ ಹಿಡಿದು ಕೂತರು. ನಾನು ಒಂದೊಂದೇ ಕ್ಲಾಂಪ್ ಬಿಚ್ಚುತ್ತಾ ಹೋದೆ. ಮೊದಲನೆಯದಕ್ಕೆ "ಹಾಗೇ ಇದೆ" ಅಂದರು. ಎರಡನೆಯದನ್ನು ಬಿಚ್ಚಿ ಪೈಪನ್ನು ಕೈಯಿಂದ ಎರಡು ಬೆರಳಷ್ಟು ಗೋಡೆಯಿಂದ ಎಳೆದು ಹಿಡಿದೆ. "ಅದೇ! ಅದೇ! ಈಗ ಅರ್ಧಕ್ಕರ್ಧ ಹೋಯ್ತು" ಅಂತ ಕೂಗಿದರು. ಮೂರನ್ನೂ ತೆಗೆದು, ನೆಲದಿಂದ ಎದ್ದ ಸ್ಟ್ಯಾಂಡಿನ ಮೇಲೆ ರಬ್ಬರ್ ಒಳಪದರದ ಕ್ಲಾಂಪಿನಲ್ಲಿ ಪೈಪ್ ಕೂರಿಸಿದೆ.

ಉಳಿದರ್ಧ ಪಂಪಿನ ಬುಡದಿಂದ ಬರುತ್ತಿತ್ತು. ಪಂಪಿನಡಿ 12 ಮಿಲಿಮೀಟರ್ ರಬ್ಬರ್ ಹಾಸಿ ಬೋಲ್ಟ್ ಬಿಗಿದೆ. ಮೇಡಂ "ಏನೂ ವ್ಯತ್ಯಾಸ ಇಲ್ಲ" ಅಂದರು. ಆಗಲೇ ಹೊಳೆಯಿತು: ರಬ್ಬರ್ ಹಾಸಿ ಏನು ಬಂತು, ನಾಲ್ಕು ಬೋಲ್ಟೂ ಅದನ್ನು ತೂರಿಕೊಂಡು ಹೋಗಿ ಪಂಪನ್ನೂ ನೆಲವನ್ನೂ ಮತ್ತೆ ಒಂದಾಗಿಸಿದ್ದವು. ಬೋಲ್ಟಿನ ಸುತ್ತ ರಬ್ಬರ್ ಬುಷ್, ಮೇಲೆ ರಬ್ಬರ್ ವಾಷರ್ ಹಾಕಿ, ಹಿಡಿದುಕೊಳ್ಳುವಷ್ಟು ಮಾತ್ರ ಬಿಗಿದೆ. ಪಂಪಿನ ಎರಡೂ ಕಡೆ ಒಂದೊಂದು ಗೇಣಿನಷ್ಟು ಬಲವಾದ ರಬ್ಬರ್ ಹೋಸು ಕೂಡಿಸಿದೆ. ಎಳೆಯುವ ಕಡೆಯ ಹೋಸು ಒಳಗೆ ತಂತಿ ಸುತ್ತಿದ್ದೇ ಆಗಬೇಕು, ಇಲ್ಲದಿದ್ದರೆ ನಿರ್ವಾತಕ್ಕೆ ಚಪ್ಪಟೆಯಾಗುತ್ತದೆ.

ಬೇರಿಂಗನ್ನೂ ಈಗ ಬದಲಿಸಿದೆ. ಮೋಟರ್ ಬಿಚ್ಚಿದಾಗ ಮೋಟರಿಗೆ ನೀರು ಹೋಗದಂತೆ ತಡೆಯುವ ಶಾಫ್ಟ್ ಸೀಲಿನ ಕೆಳಗೆ ಬಿಳಿ ಉಪ್ಪಿನ ಗೆರೆ ಕಂಡಿತು. ಸೀಲು ಸಣ್ಣಗೆ ಸೋರಿ, ಆ ನೀರೇ ಬೇರಿಂಗ್ ತಿಂದಿತ್ತು. ಸೀಲು ಬಿಟ್ಟು ಬರೀ ಬೇರಿಂಗ್ ಹಾಕಿಸಿದವರು ಕೆಲವು ತಿಂಗಳಿಗೆ ಮತ್ತೆ ಕರೆಯುತ್ತಾರೆ.

ಹೊಸ ಪಂಪು, ಹೊಸ ತಲೆನೋವು

ಮೇಡಂಗೆ ಇಷ್ಟೇ ಸಾಕಾಗಿತ್ತು. ವೇಗ ಬದಲಿಸಬಹುದಾದ ಪಂಪು ಬೇಕು ಅಂದದ್ದು ಮಾಲೀಕರು. ಸೀಲು, ಬೇರಿಂಗ್ ಹಾಕಿ ಎರಡೇ ತಿಂಗಳಾಗಿತ್ತು. ಹಳೆಯದನ್ನು ಇನ್ನೂ ಓಡಿಸಬಹುದು ಅಂತ ನಾನೇ ಹೇಳಿದೆ. ಆದರೆ ಅವರು ಕರೆಂಟಿನ ಲೆಕ್ಕ ನೋಡಿದ್ದರು. ವೇಗ ಅರ್ಧ ಮಾಡಿದರೆ ನೀರು ಅರ್ಧ ಬರುತ್ತದೆ, ಶಕ್ತಿ ಮಾತ್ರ ಎಂಟನೇ ಒಂದು ಪಾಲು ಸಾಕು. ಎರಡರಷ್ಟು ಹೊತ್ತು ಓಡಿಸಿದರೂ ಬಿಲ್ಲಿನಲ್ಲಿ ದೊಡ್ಡ ಉಳಿತಾಯ. ಸದ್ದೂ ಅದರ ಜೊತೆಗೇ ಇಳಿಯುತ್ತದೆ.

ಹೊಸ ಪಂಪನ್ನು ಮೊದಲು 1,400 ಸುತ್ತಿಗೆ ಇಟ್ಟೆವು. ಪಕ್ಕದಲ್ಲಿ ನಿಂತರೂ ಓಡುತ್ತಿದೆಯಾ ಅಂತ ಮುಟ್ಟಿ ನೋಡಬೇಕಿತ್ತು. ಹತ್ತು ದಿನದಲ್ಲಿ ಕೊಳದ ಗೋಡೆಗೆ ಹಸಿರು ಪಾಚಿ ಬಂತು. ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಯಂತ್ರಕ್ಕೆ ಅಷ್ಟು ನಿಧಾನದ ಹರಿವು ಸಾಲದೆ, ಅದರ ಫ್ಲೋ ಸ್ವಿಚ್ ಬಿದ್ದು, ಸುಮ್ನೆ ಕೂತಿತ್ತು. ಸ್ಕಿಮ್ಮರ್ ಕೂಡ ಎಲೆ ಎಳೆಯುತ್ತಿರಲಿಲ್ಲ.

ಐವತ್ತೈವತ್ತು ಸುತ್ತು ಏರಿಸುತ್ತಾ ನೋಡಿದೆ. 1,600ಕ್ಕೆ ಕ್ಲೋರಿನ್ ಯಂತ್ರ ಎದ್ದಿತು. 1,900ರ ಹತ್ತಿರ ಪೈಪ್ ಒಂದು ಇದ್ದಕ್ಕಿದ್ದಂತೆ ಹಾಡತೊಡಗಿತು, 2,000ಕ್ಕೆ ಮತ್ತೆ ಸುಮ್ಮನಾಯಿತು. ಪ್ರತಿ ಪೈಪಿಗೂ ತನ್ನದೇ ಒಂದು ಸ್ವರ ಇರುತ್ತದೆ, ಪಂಪು ಆ ಸ್ವರ ಮುಟ್ಟಿದರೆ ಅದು ದನಿಗೂಡಿಸುತ್ತದೆ. ವೇಗ ಕಡಿಮೆ ಮಾಡಿದಷ್ಟೂ ಸದ್ದು ಕಡಿಮೆ ಅನ್ನುವ ಲೆಕ್ಕ ಹೀಗೆ ಒಂದೊಂದು ಕಡೆ ಕೈ ಕೊಡುತ್ತದೆ. ಕೊನೆಗೆ 1,650ಕ್ಕೆ ನಿಲ್ಲಿಸಿದೆ. ಮೊದಲು ಆರು ಗಂಟೆಯಲ್ಲಿ ತಿರುಗುತ್ತಿದ್ದ ನೀರು ಈಗ ಹತ್ತೂವರೆ ಗಂಟೆ ತೆಗೆದುಕೊಳ್ಳುತ್ತದೆ. ಕರೆಂಟು ದಿನಕ್ಕೆ 9 ಯೂನಿಟ್ ಇದ್ದದ್ದು ನಾಲ್ಕರ ಒಳಗೆ ಬಂದಿದೆ. ಕಿಟಕಿಯ ಹೊರಗೆ 40 ಡೆಸಿಬೆಲ್, ಅದರಲ್ಲಿ ಪಂಪಿನದೆಷ್ಟು, ಬೀದಿಯದೆಷ್ಟು ಅಂತ ಬೇರ್ಪಡಿಸಲಾಗಲಿಲ್ಲ.

ನೆಲ ಗುಡಿಸುವ ಕ್ಲೀನರ್‌ಗೆ ಮಾತ್ರ ಜೋರು ವೇಗ ಬೇಕು. ಅದಕ್ಕೆ ಸಂಜೆ ನಾಲ್ಕೂವರೆಯಿಂದ ಅರ್ಧ ಗಂಟೆ. ಮೇಡಂ ಪಾಳಿ ಈಗ ಎರಡು ವಾರಕ್ಕೊಮ್ಮೆ ಬದಲಾಗುತ್ತದೆ, ಟೈಮರಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಭಾನುವಾರ ಅವರು ಮಾಲೀಕರಿಗೆ ಒಂದು ಮೆಸೇಜ್ ಹಾಕುತ್ತಾರೆ.

ಈಗ ಇಂಥ ಕರೆ ಬಂದರೆ

ನನ್ನ ಕೆಲಸದ ಕ್ರಮ ತಿರುಗುಮುರುಗಾಗಿದೆ. ಮೊದಲು ದೂರು ಕೊಟ್ಟವರ ಕೋಣೆಗೆ ಹೋಗುತ್ತೇನೆ, ಅವರು ಮಲಗುವ ಹೊತ್ತಿಗೇ. ಕಿಟಕಿ, ಗೋಡೆ ಎರಡಕ್ಕೂ ಕಿವಿ ಇಡುತ್ತೇನೆ. ಪಂಪಿನ ಕಾಯಿಲೆ ಏನೇ ಇರಲಿ, ಅದನ್ನು ವಾಸಿ ಮಾಡಿದ ಮೇಲೇ ಮುಂದಿನದು. ಆಮೇಲೆ ಪೈಪ್, ಬುಡ. ಪೆಟ್ಟಿಗೆ ಕೊನೆಗೆ, ಬೇಕಾದರೆ ಮಾತ್ರ. ಇಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿಂದದ್ದು ಪೆಟ್ಟಿಗೆ, ಹೊಸ ಪಂಪು. ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ಸ್ಪ್ಯಾನರ್ ಮತ್ತು ಎರಡನೇ ಕ್ಲಾಂಪ್. ಮಾಲೀಕರನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನಂತೂ ಬಿಡುವುದೇ ಇಲ್ಲ. ನಾನು ಹತ್ತು ಸಲ ವಿವರಿಸಿದರೂ ಆಗದ್ದು ಆ ಮಂಚದ ಹಲಗೆಯಿಂದ ಆಯಿತು.

ಎಂಟು ತಿಂಗಳ ನಂತರ ಒಂದು ಸಂಜೆ ಮಾಲೀಕರು ಫೋನ್ ಮಾಡಿದರು. ಮೇಡಂ ಮೆಸೇಜ್ ಹಾಕಿದ್ದರಂತೆ: "ಹಿತ್ತಲಿಗೆ ಬಟ್ಟೆ ಹರವಲು ಬಂದಿದ್ದೆ. ನಿಮ್ಮ ಪಂಪು ಇವತ್ತು ಗುಳುಗುಳು ಅಂತಿದೆ. ಮೊದಲಿನ ಎರಡೂ ಸದ್ದು ಅಲ್ಲ, ಇದು ಬೇರೆ ಥರ." ಹೋಗಿ ಮುಚ್ಚಳ ತೆಗೆದೆ. ಓ-ರಿಂಗಿನ ಕೆಳಗೆ ಒಂದು ಒಣ ಎಲೆಯ ತೊಟ್ಟು ಸಿಕ್ಕಿಕೊಂಡಿತ್ತು.

ಈ ಸಲ ಮೆಸೇಜನ್ನು ಎರಡೆರಡು ಸಲ ಓದಿಕೊಂಡೇ ಹೋಗಿದ್ದೆ.